ಇಪ್ಪತ್ತೆರಡನೇ ಪಂದ್ಯದ ಮರುದಿನ: ಸತತ ಸೋಲಿನಿಂದ ಬೇಸ್‌ಬಾಲ್ ತಂಡ ಮೇಲೇಳುವುದು ಹೇಗೆ?

1988ರ ಏಪ್ರಿಲ್ 29ರ ರಾತ್ರಿ ಷಿಕಾಗೋದ ಕಮಿಸ್ಕಿ ಪಾರ್ಕಿನಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ತಂಡ ವೈಟ್ ಸಾಕ್ಸ್ ತಂಡವನ್ನು 9-0ಯಿಂದ ಸೋಲಿಸಿತು. ಆ ಋತುವಿನಲ್ಲಿ ಅದು ಓರಿಯೋಲ್ಸ್‌ನ ಇಪ್ಪತ್ತೆರಡನೇ ಪಂದ್ಯ. ಅದಕ್ಕೆ ಮುಂಚಿನ ಇಪ್ಪತ್ತೊಂದನ್ನೂ ತಂಡ ಸೋತಿತ್ತು. ಅಮೆರಿಕದ ಮೇಜರ್ ಲೀಗಿನಲ್ಲಿ ಯಾವ ತಂಡವೂ ಋತುವನ್ನು ಅಷ್ಟು ಕೆಟ್ಟದಾಗಿ ಆರಂಭಿಸಿರಲಿಲ್ಲ. ಬಾಲ್ಟಿಮೋರಿನ ರೇಡಿಯೊ ನಿರೂಪಕರೊಬ್ಬರು ತಂಡ ಗೆಲ್ಲುವವರೆಗೂ ಸ್ಟುಡಿಯೊ ಬಿಟ್ಟು ಏಳುವುದಿಲ್ಲ ಎಂದು ಹಟ ತೊಟ್ಟು ಕುಳಿತಿದ್ದರು. ಅವರ ಆ ಪ್ರಸಾರ 258 ಗಂಟೆ ನಡೆಯಿತು. ಕೊನೆಗೂ ಗೆಲುವು ಬಂತು, ಊರು ನಿಟ್ಟುಸಿರು ಬಿಟ್ಟಿತು.

ಮರುದಿನ ಓರಿಯೋಲ್ಸ್ ಸೋತಿತು. ಅದರ ಮರುದಿನವೂ ಸೋತಿತು. ಒಂದು ಗೆಲುವು, ಇಪ್ಪತ್ತಮೂರು ಸೋಲು.

ಬೇಸ್‌ಬಾಲ್ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಸತತ ಸೋಲಿನ ಕಥೆಯನ್ನು ಆ ಏಪ್ರಿಲ್ 29ಕ್ಕೇ ನಿಲ್ಲಿಸಿಬಿಡುತ್ತಾರೆ. ಸರಣಿ ಮುರಿದ ರಾತ್ರಿಯ ಚಿತ್ರಗಳು ಚೆನ್ನಾಗಿರುತ್ತವೆ, ಅದು ನಿಜ. ನನಗೆ ಮಾತ್ರ ಏಪ್ರಿಲ್ 30 ಹೆಚ್ಚು ಕುತೂಹಲದ ದಿನವಾಗಿ ಕಾಣುತ್ತದೆ. ಸರಣಿಯನ್ನು ಮುರಿಯಲು ಒಂದು ಒಳ್ಳೆಯ ಸಂಜೆ ಸಾಕು. ತಂಡ ಚೇತರಿಸಿಕೊಳ್ಳುವುದು ಬೇರೆಯದೇ ಕೆಲಸ. ಅದು ನಡೆಯುವ ಜಾಗ, ಹಿಡಿಯುವ ಕಾಲ, ಅದನ್ನು ಮಾಡುವ ಜನ, ಎಲ್ಲವೂ ಬೇರೆ.

ಮೊದಲು ಅದೃಷ್ಟದ ಪಾಲನ್ನು ಬದಿಗೆ ತೆಗೆದಿಡೋಣ. ಮೇಜರ್ ಲೀಗಿನ ತಂಡ ಒಂದು ಋತುವಿನಲ್ಲಿ 162 ಪಂದ್ಯ ಆಡುತ್ತದೆ. ಸುಮಾರು ಆರು ತಿಂಗಳ ಕಾಲ ಹೆಚ್ಚುಕಡಿಮೆ ಪ್ರತಿದಿನವೂ ಆಟ. ಅರ್ಧ ಪಂದ್ಯಗಳನ್ನು ಗೆಲ್ಲುವ ಸಾಧಾರಣ ತಂಡವೊಂದನ್ನು ತೆಗೆದುಕೊಳ್ಳಿ. ಇಂದಿನಿಂದ ಮುಂದಿನ ಹತ್ತೂ ಪಂದ್ಯಗಳನ್ನು ಅದು ಸೋಲುವ ಸಾಧ್ಯತೆ 1,024ರಲ್ಲಿ ಒಂದು, ನಾಣ್ಯ ಚಿಮ್ಮಿದಾಗ ಹತ್ತು ಸಲವೂ ಹಿಂಬದಿ ಬಿದ್ದಂತೆ. ಆದರೆ 162 ಪಂದ್ಯಗಳ ಋತುವಿನಲ್ಲಿ ಅಂಥ ಸರಣಿ ಶುರುವಾಗಲು ನೂರೈವತ್ತಕ್ಕೂ ಹೆಚ್ಚು ಜಾಗಗಳಿವೆ. ಎಲ್ಲವನ್ನೂ ಕೂಡಿಸಿದರೆ ಎಲ್ಲೋ ಒಂದು ಕಡೆ ಹತ್ತು ಸೋಲು ಸಾಲುಗಟ್ಟುವ ಸಾಧ್ಯತೆ ನೂರಕ್ಕೆ ಏಳರಷ್ಟಾಗುತ್ತದೆ. ಹತ್ತರಲ್ಲಿ ನಾಲ್ಕನ್ನು ಮಾತ್ರ ಗೆಲ್ಲುವ ದುರ್ಬಲ ತಂಡಕ್ಕೆ ಅದು ನೂರಕ್ಕೆ ಮೂವತ್ತರ ಆಸುಪಾಸಿಗೆ ಏರುತ್ತದೆ. ಲೀಗಿನಲ್ಲಿ ಮೂವತ್ತು ತಂಡಗಳಿವೆ. ಹಾಗಾಗಿ ಯಾರೂ ಯಾವ ತಪ್ಪನ್ನೂ ಹೊಸದಾಗಿ ಮಾಡದಿದ್ದರೂ ಪ್ರತಿವರ್ಷ ಯಾರದೋ ಮನೆಯಲ್ಲಿ ಹತ್ತು ದಿನದ ಸೂತಕ ಇದ್ದೇ ಇರುತ್ತದೆ.

ಇಪ್ಪತ್ತು ಸೋಲಿನ ಲೆಕ್ಕ ಹಾಗಲ್ಲ. ಹತ್ತರಲ್ಲಿ ಮೂರೇ ಪಂದ್ಯ ಗೆಲ್ಲುವ ತೀರಾ ಕಳಪೆ ತಂಡಕ್ಕೂ ಅಂಥ ಸರಣಿಯ ಸಾಧ್ಯತೆ ಒಂದು ಋತುವಿನಲ್ಲಿ ನೂರಕ್ಕೆ ಮೂರರಷ್ಟೇ. ಅಷ್ಟು ಉದ್ದದ ಸರಣಿ ಕಂಡರೆ ಎರಡು ಸಂಗತಿಗಳು ಕೂಡಿಬಂದಿವೆ ಎಂದು ತಿಳಿಯಬಹುದು: ತಂಡ ನಿಜಕ್ಕೂ ಕೆಟ್ಟದಾಗಿದೆ, ಜೊತೆಗೆ ಅದರ ಗ್ರಹಗತಿಯೂ ಚೆನ್ನಾಗಿಲ್ಲ. ಚೇತರಿಕೆಯ ಮೊದಲ ಪ್ರಶ್ನೆ ಇದೇ. ಎಷ್ಟು ಪಾಲು ರೋಗ, ಎಷ್ಟು ಪಾಲು ಗ್ರಹಗತಿ?

ಸರಣಿ ತನ್ನನ್ನು ತಾನೇ ಹೇಗೆ ಸಾಕಿಕೊಳ್ಳುತ್ತದೆ ಎಂಬುದನ್ನು ತಿಳಿಯಲು ಪಿಚರುಗಳ ಕಡೆ ನೋಡಬೇಕು. ಕ್ರಿಕೆಟ್ ಬಲ್ಲವರಿಗೆ ಪಿಚರ್ ಎಂದರೆ ಬೌಲರ್ ಎಂದರೆ ಅರ್ಧ ಮಾತ್ರ ಹೇಳಿದಂತೆ. ಇಲ್ಲಿ ಆರು ಎಸೆತಕ್ಕೊಮ್ಮೆ ಬೌಲರ್ ಬದಲಾಗುವುದಿಲ್ಲ, ಒಮ್ಮೆ ಹೊರಗೆ ಕರೆಸಿಕೊಂಡ ಆಟಗಾರ ಆ ಪಂದ್ಯಕ್ಕೆ ಮರಳುವಂತೆಯೂ ಇಲ್ಲ. ಪಂದ್ಯವನ್ನು ಆರಂಭಿಸುವ ಪಿಚರ್ ಸುಮಾರು ನೂರು ಎಸೆತ ಹಾಕುತ್ತಾನೆ, ಆಮೇಲೆ ನಾಲ್ಕೈದು ದಿನ ಅವನ ತೋಳಿಗೆ ವಿಶ್ರಾಂತಿ. ಆದ್ದರಿಂದ ತಂಡಗಳು ಐವರು ಆರಂಭಿಕ ಪಿಚರುಗಳನ್ನು ಸರದಿಯ ಮೇಲೆ ಆಡಿಸುತ್ತವೆ. ಪಂದ್ಯಕ್ಕೆ ಒಂಬತ್ತು ಇನಿಂಗ್ಸ್, ಒಂದೊಂದರಲ್ಲೂ ಎರಡೂ ತಂಡಗಳು ಮೂವರು ಔಟಾಗುವವರೆಗೆ ಸರದಿಯಂತೆ ಬ್ಯಾಟ್ ಮಾಡುತ್ತವೆ. ಆ ಒಂಬತ್ತರಲ್ಲಿ ಆರಂಭಿಕ ಪಿಚರ್ ಆರನ್ನು ಮುಗಿಸಿಕೊಟ್ಟರೆ ಉಳಿದ ಮೂರನ್ನು ರಿಲೀಫ್ ಪಿಚರುಗಳು ಹಂಚಿಕೊಳ್ಳುತ್ತಾರೆ. ಅವರು ಮೈ ಬಿಸಿ ಮಾಡಿಕೊಳ್ಳುವ ಜಾಗಕ್ಕೆ ಬುಲ್‌ಪೆನ್ ಎಂದು ಹೆಸರು, ಅವರ ಗುಂಪಿಗೂ ಅದೇ ಹೆಸರು.

ಈಗ ಸೋಮವಾರ ಆರಂಭಿಕ ಪಿಚರ್ ಮೂರನೇ ಇನಿಂಗ್ಸಿನಲ್ಲೇ ಆರು ರನ್ ಕೊಟ್ಟು ಹೊರನಡೆದ ಎನ್ನಿ. ಉಳಿದ ಆರೇಳು ಇನಿಂಗ್ಸುಗಳ ಹೊರೆ ಬುಲ್‌ಪೆನ್ ಮೇಲೆ ಬೀಳುತ್ತದೆ. ಮಂಗಳವಾರ ಪಂದ್ಯ ಬಿಗಿಯಾಗಿದೆ, ಏಳನೇ ಇನಿಂಗ್ಸಿನಲ್ಲಿ ಒಳ್ಳೆಯ ರಿಲೀಫ್ ಪಿಚರ್ ಬೇಕು. ಆದರೆ ಅವನ ತೋಳು ನಿನ್ನೆಯ ದಣಿವಿನಲ್ಲೇ ಇದೆ. ಮೈದಾನದಲ್ಲಿ ತಂಡವನ್ನು ನಡೆಸುವ ಮ್ಯಾನೇಜರ್ ಎರಡನೇ ದರ್ಜೆಯವನನ್ನು ಕಳಿಸುತ್ತಾನೆ, ಪಂದ್ಯ ಕೈಬಿಡುತ್ತದೆ. ಬುಧವಾರ ಆರಂಭಿಕ ಪಿಚರನನ್ನು ಅವನ ಶಕ್ತಿ ಮೀರಿ ಒಂದು ಇನಿಂಗ್ಸ್ ಹೆಚ್ಚಿಗೆ ಆಡಿಸುತ್ತಾರೆ, ಅಲ್ಲಿ ಚೆಂಡನ್ನು ಬೇಲಿಯಾಚೆಗೆ ಹೊಡೆಯುವ ಹೋಮ್ ರನ್ ಬೀಳುತ್ತದೆ. ಸೋಮವಾರದ ಸೋಲಿನ ಬಡ್ಡಿಯನ್ನು ಗುರುವಾರದವರೆಗೂ ತೆತ್ತಂತಾಯಿತು. ಇತ್ತ ಅಂತಿಮ ಇನಿಂಗ್ಸಿನಲ್ಲಿ ಮುನ್ನಡೆ ಕಾಯಬೇಕಾದ ಕ್ಲೋಸರ್ ಮಾತ್ರ ಕಾಯಲು ಮುನ್ನಡೆಯೇ ಇಲ್ಲದೆ ವಾರವಿಡೀ ಕುಳಿತಲ್ಲೇ ಕುಳಿತಿರುತ್ತಾನೆ.

ಬ್ಯಾಟರುಗಳ ಕಾಯಿಲೆ ಇನ್ನೊಂದು ಬಗೆಯದು. ಸರಿಯಾದ ಚೌಕದೊಳಗೆ ಬಾರದ ನಾಲ್ಕು ಎಸೆತಗಳನ್ನು ತಾಳ್ಮೆಯಿಂದ ಬಿಟ್ಟರೆ ಬೇಸ್‌ಬಾಲ್ ಬ್ಯಾಟರಿಗೆ ಮೊದಲ ಬೇಸ್, ಅಂದರೆ ರನ್ನಿಗಾಗಿ ಸುತ್ತಿ ಬರಬೇಕಾದ ನಾಲ್ಕು ನೆಲೆಗಳಲ್ಲಿ ಮೊದಲನೆಯದು, ಪುಕ್ಕಟೆ ಸಿಗುತ್ತದೆ. ಸೋಲು ಬೆನ್ನುಹತ್ತಿದಾಗ ಈ ತಾಳ್ಮೆಯೇ ಮೊದಲು ಸಾಯುತ್ತದೆ. ಎಲ್ಲರಿಗೂ ಒಂದೇ ಹೊಡೆತದಲ್ಲಿ ಸರಣಿ ಮುರಿಯುವ ಆತುರ. ಎದುರಾಳಿ ಪಿಚರಿಗೆ ಅದು ಗೊತ್ತು. ಅವನು ಚೌಕದ ಹೊರಗೇ ಎಸೆಯುತ್ತಾನೆ, ಇವರು ಬೀಸುತ್ತಾರೆ.

ಹಾಗಾದರೆ ರೋಗವನ್ನೂ ಗ್ರಹಗತಿಯನ್ನೂ ಬೇರ್ಪಡಿಸುವುದು ಹೇಗೆ? ತಂಡದ ಕಚೇರಿಯಲ್ಲಿ ಕುಳಿತವರು ಗೆಲುವು ಸೋಲಿನ ಪಟ್ಟಿಯನ್ನು ಮಡಿಸಿಟ್ಟು ರನ್ನುಗಳ ಲೆಕ್ಕ ತೆಗೆಯುತ್ತಾರೆ. ಬಿಲ್ ಜೇಮ್ಸ್ ಎಂಬ ಲೆಕ್ಕಪ್ರಿಯ ಬರಹಗಾರ ಕೊಟ್ಟ ಸೂತ್ರವೊಂದಿದೆ: ತಂಡ ಗಳಿಸಿದ ರನ್ನುಗಳ ವರ್ಗವನ್ನು, ಗಳಿಸಿದ ಮತ್ತು ಬಿಟ್ಟುಕೊಟ್ಟ ರನ್ನುಗಳ ವರ್ಗಗಳ ಮೊತ್ತದಿಂದ ಭಾಗಿಸಿ. ಬರುವ ಸಂಖ್ಯೆ ಆ ತಂಡ ಗೆಲ್ಲಬೇಕಾಗಿದ್ದ ಪಂದ್ಯಗಳ ಪಾಲು. ಲಂಬಕೋನ ತ್ರಿಭುಜವನ್ನು ನೆನಪಿಸುವ ಈ ವರ್ಗಗಳಿಂದಾಗಿ ಅದಕ್ಕೆ ಪೈಥಾಗರಸ್‌ನ ಹೆಸರು ಅಂಟಿಕೊಂಡಿತು. 1988ರ ಓರಿಯೋಲ್ಸ್ ಇಡೀ ಋತುವಿನಲ್ಲಿ ಗಳಿಸಿದ್ದು 550 ರನ್, ಬಿಟ್ಟುಕೊಟ್ಟದ್ದು 789. ಸೂತ್ರದಲ್ಲಿ ಹಾಕಿದರೆ ಸುಮಾರು 53 ಗೆಲುವು ಬರುತ್ತದೆ. ನಿಜಕ್ಕೂ ಗೆದ್ದದ್ದು 54, ಸೋತದ್ದು 107. ಇಪ್ಪತ್ತೊಂದು ಸೋಲು ಒಂದೇ ಕಡೆ ರಾಶಿ ಬಿದ್ದದ್ದು ದುರದೃಷ್ಟ ಇರಬಹುದು. ಒಟ್ಟು ಸೋಲಿನಲ್ಲಿ ದುರದೃಷ್ಟದ ಪಾಲು ಇರಲಿಲ್ಲ, ಆ ತಂಡದ ಯೋಗ್ಯತೆಯೇ ಅಷ್ಟಿತ್ತು.

ಇದಕ್ಕೆ ತದ್ವಿರುದ್ಧವಾದ ಕಥೆ ಜಪಾನಿನದು. 1998ರಲ್ಲಿ ಚಿಬಾ ಲೊತ್ತೆ ಮರೀನ್ಸ್ ತಂಡ ಸತತ 18 ಪಂದ್ಯ ಸೋತಿತು, ನಡುವೆ ಒಂದು ಪಂದ್ಯ ಮಾತ್ರ ಸಮ. ಜಪಾನಿನ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಅದೇ ದಾಖಲೆ. ಆ ತಂಡ ಆರು ತಂಡಗಳ ಲೀಗಿನಲ್ಲಿ ಕೊನೆಯ ಸ್ಥಾನ ಪಡೆಯಿತು, ಆದರೆ ಅದೇ ವರ್ಷ ಲೀಗಿನ ಅತ್ಯುತ್ತಮ ಬ್ಯಾಟಿಂಗ್ ಸರಾಸರಿಯೂ ಅದರದ್ದೇ! ಕೊರತೆ ಇದ್ದದ್ದು ಒಂದೇ ಕಡೆ. ಕೊನೆಯ ಇನಿಂಗ್ಸಿನಲ್ಲಿ ಬಾಗಿಲು ಹಾಕುವ ನಂಬಿಕಸ್ಥ ಕ್ಲೋಸರ್ ಇರಲಿಲ್ಲ. ಅದಕ್ಕಾಗಿ ತಂಡದ ಮುಖ್ಯ ಆರಂಭಿಕ ಪಿಚರ್ ತೊಮೊಹಿರೊ ಕುರೊಕಿಯನ್ನೇ ಒಮ್ಮೆ ಕೊನೆಯ ಇನಿಂಗ್ಸುಗಳಿಗೆ ಇಳಿಸಿ ನೋಡಿದರು, ಫಲಿಸಲಿಲ್ಲ.

ಹದಿನಾರು ಸೋಲುಗಳಾಗಿದ್ದವು. ಜುಲೈ 7ರ ರಾತ್ರಿ ಕೋಬೆಯಲ್ಲಿ ಒರಿಕ್ಸ್ ವಿರುದ್ಧ ಪಂದ್ಯ. ಕುರೊಕಿ ಮೊದಲ ಇನಿಂಗ್ಸಿನಿಂದ ಎಸೆಯುತ್ತಲೇ ಇದ್ದಾನೆ. ಒಂಬತ್ತನೇ ಇನಿಂಗ್ಸಿನ ದ್ವಿತೀಯಾರ್ಧ, ಒರಿಕ್ಸ್ ಬ್ಯಾಟ್ ಮಾಡುತ್ತಿದೆ, ಲೊತ್ತೆ 3-1ರಿಂದ ಮುಂದಿದೆ, ಇಬ್ಬರು ಔಟಾಗಿದ್ದಾರೆ. ಇನ್ನೊಬ್ಬ ಔಟಾದರೆ ಮುಗಿಯಿತು. ಒರಿಕ್ಸ್‌ನ ಪ್ರಿಮ್ ಬೀಸಿದ ಚೆಂಡು ಬೇಲಿ ದಾಟಿತು, ಎರಡು ರನ್, 3-3. ಕುರೊಕಿ ಪಿಚರಿನ ದಿಬ್ಬದ ಮೇಲೆಯೇ ಕುಸಿದು ಕುಳಿತ. ಹನ್ನೆರಡನೇ ಇನಿಂಗ್ಸಿನಲ್ಲಿ ಮೂರೂ ಬೇಸ್ ತುಂಬಿದ್ದಾಗ ಬದಲಿ ಬ್ಯಾಟರೊಬ್ಬ ಇನ್ನೊಂದು ಹೋಮ್ ರನ್ ಹೊಡೆದ. 7-3. ಅಂದು ಜಪಾನಿನಲ್ಲಿ ತನಾಬಾತಾ ಹಬ್ಬ, ಹಾಗಾಗಿ ಅಲ್ಲಿನವರು ಇಂದಿಗೂ ಇದನ್ನು ತನಾಬಾತಾ ದುರಂತ ಎಂದೇ ಕರೆಯುತ್ತಾರೆ. ಮರುದಿನ ಹದಿನೆಂಟನೇ ಸೋಲು. ಜುಲೈ 9ರಂದು ಅನುಭವಿ ಪಿಚರ್ ಸತೋರು ಕೊಮಿಯಾಮಾ ಆರು ರನ್ ಕೊಟ್ಟರೂ ಅವನನ್ನು ಹೊರಗೆ ಕರೆಯದೆ ಒಂಬತ್ತೂ ಇನಿಂಗ್ಸ್ ಎಸೆಸಿದರು. ಲೊತ್ತೆ 9-6ರಿಂದ ಗೆದ್ದಿತು. ಬುಲ್‌ಪೆನ್ನಿನ ಬಾಗಿಲನ್ನೇ ತೆರೆಯದೆ ಪಂದ್ಯ ಮುಗಿಸಿದ್ದು ಆ ತಂಡದ ರೋಗವನ್ನು ಬಲ್ಲವರ ನಿರ್ಧಾರ ಎಂದೇ ನನಗೆ ಅನ್ನಿಸುತ್ತದೆ.

ಮ್ಯಾನೇಜರನ್ನು ಕಿತ್ತುಹಾಕುವುದು ಇನ್ನೊಂದು ಔಷಧ, ತಂಡದ ಮಾಲೀಕರಿಗೆ ಬಹಳ ಪ್ರಿಯವಾದದ್ದು. 1988ರಲ್ಲಿ ಓರಿಯೋಲ್ಸ್ ಆರನೇ ಸೋಲಿಗೇ ಕ್ಯಾಲ್ ರಿಪ್ಕೆನ್ ಸೀನಿಯರ್ ಅವರನ್ನು ಕೆಲಸದಿಂದ ತೆಗೆಯಿತು. ಅವರ ಇಬ್ಬರು ಗಂಡುಮಕ್ಕಳು, ಕ್ಯಾಲ್ ಜೂನಿಯರ್ ಮತ್ತು ಬಿಲ್ಲಿ, ಅದೇ ತಂಡದಲ್ಲಿ ಆಡುತ್ತಿದ್ದರು. ಅಪ್ಪನನ್ನು ಮನೆಗೆ ಕಳಿಸಿದ ಮೇಲೆ ಮಕ್ಕಳು ಅದೇ ಅಂಗಿ ತೊಟ್ಟು ಮೈದಾನಕ್ಕಿಳಿಯಬೇಕಾಯಿತು. ಅವರ ಜಾಗಕ್ಕೆ ಬಂದ ಫ್ರ್ಯಾಂಕ್ ರಾಬಿನ್ಸನ್ ತಮ್ಮ ಕಾಲದ ಮಹಾನ್ ಆಟಗಾರ. ಅವರ ಕೈಯಲ್ಲೂ ತಂಡ ಇನ್ನೂ ಹದಿನೈದು ಪಂದ್ಯ ಸೋತಿತು. 2024ರಲ್ಲಿ ಷಿಕಾಗೋ ವೈಟ್ ಸಾಕ್ಸ್ ಸತತ 21 ಸೋಲಿನ ನಂತರ ಆಗಸ್ಟ್ 6ರಂದು ಓಕ್ಲಂಡಿನಲ್ಲಿ 5-1ರಿಂದ ಗೆದ್ದಿತು. ಎರಡೇ ದಿನ ಕಳೆದು ಮ್ಯಾನೇಜರ್ ಪೆಡ್ರೊ ಗ್ರಿಫೋಲ್ ಅವರನ್ನು ತೆಗೆದರು. ಋತು ಮುಗಿದಾಗ ತಂಡದ ಸೋಲು 121, ಆಧುನಿಕ ಮೇಜರ್ ಲೀಗಿನ ದಾಖಲೆ.

ಮ್ಯಾನೇಜರ್ ಬದಲಾದ ಮೇಲೆ ತಂಡ ಸ್ವಲ್ಪ ಸುಧಾರಿಸಿದಂತೆ ಕಾಣುವುದೂ ಉಂಟು. ಅದನ್ನು ನಂಬುವ ಮುನ್ನ ಒಂದು ಕ್ಷಣ ನಿಲ್ಲಬೇಕು. ಯಾರನ್ನಾದರೂ ಕೆಲಸದಿಂದ ತೆಗೆಯುವುದು ತಂಡ ಅತಿ ಕೆಳಗೆ ಬಿದ್ದಾಗಲೇ ತಾನೇ? ಹತ್ತರಲ್ಲಿ ನಾಲ್ಕು ಗೆಲ್ಲಬಲ್ಲ ತಂಡ ಹತ್ತಕ್ಕೆ ಹತ್ತನ್ನೂ ಸೋತಿದ್ದರೆ, ಮುಂದಿನ ಹತ್ತರಲ್ಲಿ ತನ್ನ ಸಹಜ ಮಟ್ಟದ ಕಡೆಗೆ ಮರಳುವುದೇ ಹೆಚ್ಚು ಸಂಭವ, ಮ್ಯಾನೇಜರ್ ಯಾರೇ ಇರಲಿ. ನೆಗಡಿಯ ಐದನೇ ದಿನ ಕಷಾಯ ಕುಡಿದವನು ಆರನೇ ದಿನ ಕಷಾಯವನ್ನು ಹೊಗಳುವ ಹಾಗೆ.

ನಿಜವಾದ ರಿಪೇರಿ ನೋಡಬೇಕಾದರೆ ಬಾಲ್ಟಿಮೋರಿನ ಮುಂದಿನ ವರ್ಷಕ್ಕೆ ಹೋಗಬೇಕು. 1988ರ ಆ ಭಯಾನಕ ಋತುವಿನ ನಡುವೆಯೇ ತಂಡ ತನ್ನ ಅನುಭವಿ ಪಿಚರ್ ಮೈಕ್ ಬಾಡಿಕರ್ ಅವರನ್ನು ಬಾಸ್ಟನ್ನಿಗೆ ಬಿಟ್ಟುಕೊಟ್ಟು ಇಬ್ಬರು ಹುಡುಗರನ್ನು ತಂದಿತು. ಒಬ್ಬ ಬ್ರೇಡಿ ಆಂಡರ್ಸನ್, ಇನ್ನೊಬ್ಬ ಕರ್ಟ್ ಶಿಲ್ಲಿಂಗ್. ಡಿಸೆಂಬರಿನಲ್ಲಿ ತಂಡದ ಬಹುಕಾಲದ ಆಧಾರಸ್ತಂಭ ಎಡ್ಡಿ ಮರ್ರೆ ಲಾಸ್ ಏಂಜಲೀಸಿಗೆ ಹೋದರು. ಅತ್ಯುತ್ತಮ ಬ್ಯಾಟರನ್ನು ಕೊಟ್ಟುಬಿಟ್ಟ ತಂಡ ಇನ್ನೂ ಕೆಳಗಿಳಿಯಬೇಕಿತ್ತು. 1989ರಲ್ಲಿ ಅದು 87 ಪಂದ್ಯ ಗೆದ್ದಿತು, ಹಿಂದಿನ ವರ್ಷಕ್ಕಿಂತ 33 ಹೆಚ್ಚು.

ಏನಾಯಿತು? ಗಳಿಸಿದ ರನ್ 550ರಿಂದ 708ಕ್ಕೆ ಏರಿತು, ಬಿಟ್ಟುಕೊಟ್ಟ ರನ್ 789ರಿಂದ 686ಕ್ಕೆ ಇಳಿಯಿತು. ಮೊದಲನೆಯದು ಕಣ್ಣಿಗೆ ಹೊಡೆಯುತ್ತದೆ. ನನಗೆ ಎರಡನೆಯದರ ಹಿಂದಿನ ಕಥೆ ಇಷ್ಟ. ಆ ವರ್ಷ ಹೊರ ಮೈದಾನದಲ್ಲಿ ಆಂಡರ್ಸನ್, ಮೈಕ್ ಡೆವೆರೊ, ಸ್ಟೀವ್ ಫಿನ್ಲಿಯಂಥ ಚಿಗರೆ ಕಾಲಿನ ಹುಡುಗರಿದ್ದರು. ಹೋಮ್ ರನ್ ಬಿಟ್ಟು ಮೈದಾನದೊಳಗೆ ಬೀಳುವ ಹೊಡೆತಗಳಲ್ಲಿ ಸರಿಸುಮಾರು ನೂರಕ್ಕೆ ಮೂವತ್ತು ಮಾತ್ರ ಹಿಟ್ ಆಗುತ್ತವೆ, ಅಂದರೆ ಬ್ಯಾಟರನ್ನು ಬೇಸಿಗೆ ಮುಟ್ಟಿಸುತ್ತವೆ, ಉಳಿದವನ್ನು ಫೀಲ್ಡರುಗಳು ಹಿಡಿದು ಔಟ್ ಮಾಡುತ್ತಾರೆ. ಫೀಲ್ಡರ್ ಎರಡು ಹೆಜ್ಜೆ ಬೇಗ ಓಡಬಲ್ಲನಾದರೆ ಆ ಮೂವತ್ತರಲ್ಲಿ ಒಂದೆರಡು ಕಡಿಮೆಯಾಗುತ್ತವೆ. ಕೇಳಲು ಏನೂ ಅಲ್ಲ. ಆದರೆ ಒಂದು ಹಿಟ್ ತಪ್ಪಿದರೆ ಪಿಚರ್ ಐದಾರು ಎಸೆತ ಉಳಿಸುತ್ತಾನೆ. ಪ್ರತಿ ಪಂದ್ಯದಲ್ಲೂ ಹಾಗಾದರೆ ಅವನು ಇನ್ನಷ್ಟು ಹೊತ್ತು ನಿಲ್ಲಬಲ್ಲ, ಬುಲ್‌ಪೆನ್ನಿಗೆ ಉಸಿರಾಡಲು ಪುರುಸೊತ್ತು ಸಿಗುತ್ತದೆ. ಮೇಲೆ ಹೇಳಿದ ಸೋಮವಾರದ ಬಡ್ಡಿಯ ಚಕ್ರ ಹಿಂದಕ್ಕೆ ತಿರುಗತೊಡಗುತ್ತದೆ. ಅದರ ತುದಿಯಲ್ಲಿ ಮುನ್ನಡೆ ಕಾಯಲು ಗ್ರೆಗ್ ಓಲ್ಸನ್ ಎಂಬ ಹೊಸಬನಿದ್ದ. ಅಮೆರಿಕನ್ ಲೀಗಿನ ಆ ವರ್ಷದ ಶ್ರೇಷ್ಠ ಹೊಸ ಆಟಗಾರ ಪ್ರಶಸ್ತಿ ಅವನಿಗೆ ಬಂತು, ಶ್ರೇಷ್ಠ ಮ್ಯಾನೇಜರ್ ಪ್ರಶಸ್ತಿ ಇಪ್ಪತ್ತೊಂದರಲ್ಲಿ ಹದಿನೈದು ಸೋಲು ಉಂಡಿದ್ದ ಅದೇ ರಾಬಿನ್ಸನ್‌ಗೆ.

ಋತುವಿನ ಕೊನೆಯ ಮೂರು ಪಂದ್ಯಗಳಿಗೆ ತಂಡ ಟೊರಾಂಟೊಗೆ ಹೋದಾಗ ಅಗ್ರಸ್ಥಾನಕ್ಕೆ ಒಂದೇ ಗೆಲುವಿನ ಅಂತರ. ಶುಕ್ರವಾರ ಹನ್ನೊಂದು ಇನಿಂಗ್ಸುಗಳಲ್ಲಿ ಸೋಲು. ಶನಿವಾರ ಎಸೆಯಬೇಕಿದ್ದ ಪೀಟ್ ಹಾರ್ನಿಶ್ ಹಿಂದಿನ ರಾತ್ರಿ ಹೋಟೆಲಿಗೆ ನಡೆದು ಹೋಗುವಾಗ ಮೊಳೆ ತುಳಿದು ಕಾಲಿಗೆ ಗಾಯ ಮಾಡಿಕೊಂಡ. ಬದಲಿಯಾಗಿ ಬಂದವನು ಚೆನ್ನಾಗಿಯೇ ಎಸೆದ, ಆದರೂ ತಂಡ ಒಂದು ರನ್ನಿನಿಂದ ಸೋತು ಸ್ಪರ್ಧೆಯಿಂದ ಹೊರಬಿತ್ತು. ಚೇತರಿಕೆ ಎಷ್ಟೇ ಗಟ್ಟಿಯಾಗಿದ್ದರೂ ಮೊಳೆಗೆ ಉತ್ತರವಿಲ್ಲ.

ಇನ್ನೊಂದು ದಾರಿ ಇದೆ, ನಿಧಾನದ್ದು. ಹೊಸ ಆಟಗಾರರನ್ನು ಆರಿಸುವ ವಾರ್ಷಿಕ ಸರದಿಯಲ್ಲಿ ಸೋತ ತಂಡಗಳಿಗೆ ಮುಂಚೆ ಅವಕಾಶ. ಇದೇ ಓರಿಯೋಲ್ಸ್ 2018ರಲ್ಲಿ 115, 2019ರಲ್ಲಿ 108 ಪಂದ್ಯ ಸೋತಿತು. 2021ರಲ್ಲಿ ಮತ್ತೆ 110 ಸೋಲು, ಅದರಲ್ಲಿ ಹತ್ತೊಂಬತ್ತು ಒಂದರ ಹಿಂದೊಂದು. ಆ ಸರಣಿ ಮುರಿದದ್ದು ಈ ಆಟದ ಮಹಾತಾರೆ ಶೊಹೆಯ್ ಒಟಾನಿ ಎದುರಾಳಿ ಪಿಚರ್ ಆಗಿದ್ದ ದಿನ ಎಂಬುದು ಬೇಸ್‌ಬಾಲಿನ ತಮಾಷೆಗಳಲ್ಲೊಂದು. ಈ ಸೋಲುಗಳ ಆಸರೆಯಲ್ಲಿ ತಂಡ ಆಡ್ಲಿ ರಟ್ಷ್‌ಮನ್, ಗನ್ನರ್ ಹೆಂಡರ್ಸನ್ ಅಂಥವರನ್ನು ಆರಿಸಿಕೊಂಡು ಸಣ್ಣ ಲೀಗುಗಳಲ್ಲಿ ಬೆಳೆಸುತ್ತಿತ್ತು. 2022ರಲ್ಲಿ 83 ಗೆಲುವು, 2023ರಲ್ಲಿ 101. ಆದರೆ ಬೇಕೆಂದೇ ಸೋಲುತ್ತಾರೆಂಬ ಗುಮಾನಿ ಬೆಳೆದದ್ದರಿಂದ 2023ರ ಆಯ್ಕೆಯಿಂದ ಮೊದಲ ಕೆಲವು ಸ್ಥಾನಗಳನ್ನು ಲಾಟರಿ ಎತ್ತಿ ಹಂಚುತ್ತಾರೆ. 121 ಸೋತ ವೈಟ್ ಸಾಕ್ಸ್‌ಗೆ 2025ರಲ್ಲಿ ನಿಯಮಗಳ ಪ್ರಕಾರ ಸಿಕ್ಕಿದ್ದು ಹತ್ತನೇ ಸ್ಥಾನ. ಆ ವರ್ಷ ತಂಡ 60 ಪಂದ್ಯ ಗೆದ್ದು 102 ಸೋತಿತು. ಹತ್ತೊಂಬತ್ತು ಗೆಲುವು ಹೆಚ್ಚು, ಆದರೂ ನೂರರ ಮೇಲೆ ಸೋಲು.

ಒಳ್ಳೆಯ ತಂಡಕ್ಕೆ ಸರಣಿ ಬಡಿದರೆ ಮಾಡಬೇಕಾದ್ದು ಬಹುಮಟ್ಟಿಗೆ ಏನೂ ಇಲ್ಲ. 2017ರ ಸೆಪ್ಟೆಂಬರಿನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಸತತ 11 ಪಂದ್ಯ ಸೋತಿತು. ಪಿಚರುಗಳ ಸರದಿ ಸುತ್ತಿ ಬಂದು ತಂಡದ ಶ್ರೇಷ್ಠ ಪಿಚರ್ ಕ್ಲೇಟನ್ ಕರ್ಷಾ ಎಸೆದ ದಿನ ಸೋಲು ನಿಂತಿತು. ಋತು ಮುಗಿದಾಗ 104 ಗೆಲುವು, ಆಮೇಲೆ ಚಾಂಪಿಯನ್ ತಂಡವನ್ನು ನಿರ್ಧರಿಸುವ ವರ್ಲ್ಡ್ ಸೀರೀಸಿನ ಅಂಗಳ. ಏನೂ ಮಾಡದೆ ಕೂರುವುದು ಸುಲಭವಾಗಿ ಕೇಳಿಸುತ್ತದೆ. ಎಷ್ಟು ಕಷ್ಟ ಎಂಬುದನ್ನು ಫಿಲಡೆಲ್ಫಿಯಾದ ಮ್ಯಾನೇಜರ್ ಜೀನ್ ಮಾಕ್ ಅವರಲ್ಲಿ ನೋಡಬಹುದು.

1961ರಲ್ಲಿ ಮಾಕ್ ಅವರ ಫಿಲ್ಲೀಸ್ ತಂಡ ಸತತ 23 ಪಂದ್ಯ ಸೋತಿತು. ಆಧುನಿಕ ಕಾಲದ ಮೇಜರ್ ಲೀಗಿನಲ್ಲಿ ಇಂದಿಗೂ ಅದೇ ಅತಿ ಉದ್ದದ ಸರಣಿ. ಜುಲೈ 28ರಂದು ಗೆಲ್ಲಿಸಿಕೊಟ್ಟಿದ್ದ ಪಿಚರ್ ಜಾನ್ ಬುಜಾರ್ಟ್ ಅವರೇ ಆಗಸ್ಟ್ 20ರಂದು ಮಿಲ್ವಾಕಿಯಲ್ಲಿ, ದಿನದ ಎರಡನೇ ಪಂದ್ಯದಲ್ಲಿ ಒಂಬತ್ತೂ ಇನಿಂಗ್ಸ್ ಎಸೆದು 7-4ರಿಂದ ಗೆಲ್ಲಿಸಿದರು. ಊರಿಗೆ ಮರಳಿದ ತಂಡವನ್ನು ಎದುರುಗೊಳ್ಳಲು ಅಭಿಮಾನಿಗಳ ಗುಂಪು ವಿಮಾನ ನಿಲ್ದಾಣಕ್ಕೆ ಬಂದಿತ್ತು. ಮಾಲೀಕರು ಮಾಕ್ ಅವರನ್ನು ತೆಗೆಯಲಿಲ್ಲ. ತಂಡ ಮರುವರ್ಷ 81 ಪಂದ್ಯ ಗೆದ್ದಿತು, ಅದರ ಮರುವರ್ಷ 87. 1964ರ ಸೆಪ್ಟೆಂಬರಿನಲ್ಲಿ ಹನ್ನೆರಡೇ ಪಂದ್ಯ ಬಾಕಿ ಇರುವಾಗ ಆರೂವರೆ ಪಂದ್ಯಗಳ ಮುನ್ನಡೆಯೊಂದಿಗೆ ಲೀಗಿನ ಮೊದಲ ಸ್ಥಾನದಲ್ಲಿತ್ತು.

ಸೆಪ್ಟೆಂಬರ್ 21ರಂದು ಸಿನ್ಸಿನಾಟಿಯ ಚಿಕೊ ರೂಯಿಸ್ ಬ್ಯಾಟರಿನ ಹೊಡೆತಕ್ಕೆ ಕಾಯದೆ ಮೂರನೇ ಬೇಸಿನಿಂದ ಎಲ್ಲರ ಕಣ್ಣೆದುರೇ ಓಡಿಬಂದು ರನ್ ಕದ್ದ. 1-0. ಮರುದಿನವೂ ಸೋಲು, ಮೂರನೇ ದಿನವೂ. ಇಪ್ಪತ್ತಮೂರು ಸೋಲನ್ನು ನುಂಗಿಕೊಂಡಿದ್ದ ಮ್ಯಾನೇಜರ್ ಈ ಸಲ ತಾಳಿಕೊಳ್ಳಲಿಲ್ಲ. ಆಗ ಆರಂಭಿಕ ಪಿಚರಿಗೆ ಮೂರು ದಿನದ ಬಿಡುವು ವಾಡಿಕೆ. ಮಾಕ್ ತಮ್ಮ ಇಬ್ಬರು ಶ್ರೇಷ್ಠ ಪಿಚರುಗಳಾದ ಜಿಮ್ ಬನ್ನಿಂಗ್ ಮತ್ತು ಕ್ರಿಸ್ ಶಾರ್ಟ್ ಅವರನ್ನು ಎರಡೇ ದಿನದ ಬಿಡುವಿನಲ್ಲಿ ಮತ್ತೆ ಮತ್ತೆ ಇಳಿಸಿದರು. ಬನ್ನಿಂಗ್ 24ರಂದು ಎಸೆದು ಸೋತರು, 27ರಂದು ಸೋತರು, 30ರಂದು ಸೋತರು. ಹತ್ತು ಸೋಲು ಸಾಲಾಗಿ ಬಂದವು, ಮುನ್ನಡೆ ಕರಗಿಹೋಯಿತು. ಋತುವಿನ ಕೊನೆಯ ದಿನ, ಅಕ್ಟೋಬರ್ 4ರಂದು, ಮೂರು ದಿನ ಬಿಡುವು ಸಿಕ್ಕಿದ ಬನ್ನಿಂಗ್ ಸಿನ್ಸಿನಾಟಿಗೆ ಒಂದು ರನ್ನನ್ನೂ ಕೊಡದೆ 10-0ಯಿಂದ ಗೆಲ್ಲಿಸಿಕೊಟ್ಟರು. ಅಷ್ಟು ಹೊತ್ತಿಗೆ ಫಿಲ್ಲೀಸ್ ಅಗ್ರಸ್ಥಾನಕ್ಕಿಂತ ಒಂದು ಪಂದ್ಯ ಹಿಂದಿತ್ತು, ಆಡಲು ಇನ್ನು ಪಂದ್ಯವೇ ಉಳಿದಿರಲಿಲ್ಲ.